ಶಾಲೆಯನ್ನು ಬಿಟ್ಟು ಹೊರಟ ಶಿಕ್ಷಕ: ಸಂತ ಶಿಶುನಾಳ ಶರೀಫರು

ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರುಗಳ ಕಡೆಯಿಂದ ರಾತ್ರಿಯೆಲ್ಲ ಪಯಣಿಸಿದ ರೈಲುಗಾಡಿಗಳು ಬೆಳಗಿನ ಹೊತ್ತಿಗೆ ಯಶವಂತಪುರದ ನಿಲ್ದಾಣವನ್ನು ಸೇರುತ್ತವೆ. ಅವುಗಳಿಂದ ಇಳಿಯುವವರಲ್ಲಿ ಅನೇಕರು ಉದ್ಯೋಗವನ್ನು ಅರಸಿ ಬಂದವರು. ಯಲಹಂಕ, ಹೆಬ್ಬಾಳಗಳ ಸುತ್ತ ನೆಲೆಗೊಂಡಿರುವ ಎಷ್ಟೋ ಸಂಸಾರಗಳ ಹಿರಿಯರು ಹೀಗೆಯೇ ಒಂದು ದಿನ ಹಾಸಿಗೆಯ ಸುರುಳಿಯೊಡನೆ ಬಂದಿಳಿದು, ಒಂದು ಕೆಲಸವನ್ನು ಹಿಡಿದು, ತಿಂಗಳ ಸಂಬಳದ ನೆರಳಿನಲ್ಲಿ ಮಕ್ಕಳನ್ನು ಓದಿಸಿದವರು. ಇದು ಗೌರವಕ್ಕೆ ತಕ್ಕ ಬಾಳೇ ಹೌದು. ಆದರೆ ಆ ರೈಲುಗಾಡಿಗಳು ಹೊರಟು ಬರುವ ಸೀಮೆಯಲ್ಲಿಯೇ, ಸುಮಾರು ನೂರೆಂಬತ್ತು ವರ್ಷಗಳ ಹಿಂದೆ, ಒಬ್ಬ ಯುವಕನು ಕೈಯಲ್ಲಿದ್ದ ಶಾಲಾಮಾಸ್ತರಿಕೆಯನ್ನು ತಾನಾಗಿ ಬಿಟ್ಟು, ಎಲ್ಲಿಗೆಂದು ಹೇಳದೆ ನಡೆದುಹೋದನು. ಅವನನ್ನೇ ಕನ್ನಡನಾಡು ಇಂದು ಸಂತ ಶಿಶುನಾಳ ಶರೀಫರೆಂದು ತಲೆಬಾಗಿ ನೆನೆಯುತ್ತದೆ. ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ಶಾಲೆಯನ್ನು ತೊರೆದವರ ಚರಿತ್ರೆಯನ್ನು ಹೇಳುವುದು ವಿಚಿತ್ರವಾಗಿ ತೋರಬಹುದು. ಶಿಕ್ಷಕವೃತ್ತಿಯ ಅರ್ಥವನ್ನು ಆಲೋಚಿಸುವವರಿಗಾದರೋ ಇದಕ್ಕಿಂತ ಉಚಿತವಾದ ಚರಿತ್ರೆ ಮತ್ತೊಂದು ದೊರೆಯುವುದು ಕಷ್ಟ.

ಶರೀಫರು ಜನಿಸಿದುದು 1819ರಲ್ಲಿ. ಅದಕ್ಕೆ ಒಂದೆರಡು ವರ್ಷಗಳ ಹಿಂದೆಯಷ್ಟೇ ಪೇಶವೆಯರ ಆಳ್ವಿಕೆ ಮುಗಿದು ಧಾರವಾಡದ ಸೀಮೆಯು ಇಂಗ್ಲಿಷ್ ಕಂಪನಿಯ ಕೈಸೇರಿತ್ತು. ಆಗ ಆ ಪ್ರಾಂತವು ಒಂದೇ ಆಡಳಿತದ ನಾಡಾಗಿರಲಿಲ್ಲ. ಸವಣೂರಿನಲ್ಲಿ ನವಾಬರು, ಕುಂದಗೋಳದಲ್ಲಿ ಜಮಖಂಡಿ ಸಂಸ್ಥಾನದವರು, ಲಕ್ಷ್ಮೇಶ್ವರದಲ್ಲಿ ಮಿರಜ ಸಂಸ್ಥಾನದವರು, ಅವುಗಳ ನಡುನಡುವೆ ಕಂಪನಿಯ ಸರಕಾರದವರು. ಹತ್ತು ಹರದಾರಿ ನಡೆಯುವಷ್ಟರಲ್ಲಿ ಎರಡು ಮೂರು ದೊರೆತನಗಳ ಗಡಿಯನ್ನು ದಾಟಬೇಕಾಗುತ್ತಿತ್ತು. ಕಚೇರಿಗಳಲ್ಲಿ ಮರಾಠಿಯ ಮೋಡಿಲಿಪಿ ಮೆರೆಯುತ್ತಿದ್ದ ಕಾಲವದು. ಕನ್ನಡವು ಮಠಗಳ ಪುರಾಣ ಪ್ರವಚನಗಳಲ್ಲಿ, ಊರಿನ ಬಯಲಾಟಗಳಲ್ಲಿ, ಬೀಸುವ ಕಲ್ಲಿನ ಹಾಡುಗಳಲ್ಲಿ ಜೀವ ಹಿಡಿದುಕೊಂಡಿತ್ತು.

ಶರೀಫರ ಹುಟ್ಟೂರು ಶಿಶುವಿನಹಾಳ. ಜನರ ಬಾಯಲ್ಲಿ ಅದು ಶಿಶುನಾಳವಾಯಿತು. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಈ ಶಿಗ್ಗಾಂವಿ ಸೀಮೆಯ ಹಳ್ಳಿಯು 1997ರಲ್ಲಿ ಹಾವೇರಿ ಜಿಲ್ಲೆಯು ರೂಪುಗೊಂಡಾಗ ಅದರ ಪಾಲಿಗೆ ಬಂದಿತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಬಹುಕಾಲ ಮಕ್ಕಳಿಲ್ಲದ ಆ ದಂಪತಿಗಳು ಸಮೀಪದ ಹುಲಗೂರಿನ ಖಾದರ ಶಾ ವಲಿಗಳಿಗೆ ಹರಕೆ ಹೊತ್ತರೆಂದೂ, ಆ ಮಹಾತ್ಮರ ಕೃಪೆಯಿಂದ ಈ ಶಿಶು ಹುಟ್ಟಿತೆಂದೂ ಆ ಸೀಮೆಯ ಜನ ನಂಬಿಕೊಂಡು ಬಂದಿದ್ದಾರೆ. ಮಗುವಿಗೆ ಮಹಮ್ಮದ ಶರೀಫ ಎಂದು ಹೆಸರಿಟ್ಟರು.

ಇಮಾಮ ಸಾಹೇಬರು ನಮಾಜನ್ನು ಬಿಟ್ಟವರಲ್ಲ. ಆದರೆ ಊರಿನಲ್ಲಿ ಪುರಾಣ ನಡೆಯುವಾಗ ಮನೆಯಲ್ಲಿ ಕುಳಿತಿರುವವರೂ ಅಲ್ಲ. ಚಾಮರಸನ ಪ್ರಭುಲಿಂಗಲೀಲೆಯು ಅವರಿಗೆ ಅಚ್ಚುಮೆಚ್ಚಿನ ಗ್ರಂಥವಾಗಿತ್ತು. ಅಲ್ಲಮಪ್ರಭುವೆಂಬ ಮಹಾಜಂಗಮನ ಆ ಕಥೆಯಲ್ಲಿ ನಾಯಕನು ಎಲ್ಲಿಯೂ ನೆಲೆನಿಲ್ಲುವುದಿಲ್ಲ. ಬನವಾಸಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ, ಗೊಗ್ಗಯ್ಯನ ತೋಟದಿಂದ ಸಿದ್ಧರಾಮನ ಸೊನ್ನಲಿಗೆಗೆ ಅವನು ಗಾಳಿಯಂತೆ ಸಂಚರಿಸುತ್ತಾನೆ. ಹೋದಲ್ಲೆಲ್ಲ ಯಾರದೋ ಒಂದು ಗಂಟನ್ನು ಬಿಚ್ಚಿ ಮುಂದೆ ಸಾಗುತ್ತಾನೆ. ತಂದೆಯ ತೊಡೆಯ ಮೇಲೆ ಕುಳಿತು ಈ ಕಥೆಯನ್ನು ಕೇಳಿದ ಹುಡುಗನ ಮನಸ್ಸಿನಲ್ಲಿ ಆ ಸಂಚಾರಿಯ ಚಿತ್ರವು ಆಳವಾಗಿ ಇಳಿಯಿತೆನ್ನಲು ಶರೀಫರ ಮುಂದಿನ ಬಾಳೇ ಸಾಕ್ಷಿ.

ವಿದ್ಯಾಭ್ಯಾಸವು ಅಂದಿನ ರೂಢಿಯಂತೆ ಊರಿನ ಕೂಲಿಮಠದಲ್ಲಿ ನಡೆಯಿತು. ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುವುದು, ಮಗ್ಗಿ ಕೊಷ್ಟಕಗಳನ್ನು ಕಂಠಪಾಠ ಮಾಡುವುದು, ಅನಂತರ ರಾಮಾಯಣ ಭಾರತಗಳ ಓದು. ಹುಡುಗನು ಬುದ್ಧಿವಂತ. ಮುಲ್ಕಿ ಪರೀಕ್ಷೆಯವರೆಗೆ ಓದಿ ಮುಗಿಸಿ ಸುತ್ತಮುತ್ತಲಿನ ಹಳ್ಳಿಗಳ ಶಾಲೆಗಳಲ್ಲಿ ಶಿಕ್ಷಕನಾಗಿ ನೇಮಕಗೊಂಡನು.

ಬಡ ಸಾಬರ ಮನೆಯೊಂದಕ್ಕೆ ಇದು ಎಂತಹ ಭಾಗ್ಯವೆಂಬುದನ್ನು ಇಂದಿನವರು ಊಹಿಸಿಕೊಳ್ಳಬೇಕು. ಆ ಸೀಮೆಯು ಮಳೆಯನ್ನೇ ನಂಬಿದ ಎರೆಯ ಭೂಮಿ. ಒಂದು ವರ್ಷ ಮುಗಿಲು ಮುನಿದರೆ ಜೋಳದ ತೆನೆಯೂ ಇಲ್ಲ, ಹತ್ತಿಯ ಕಾಯಿಯೂ ಇಲ್ಲ. ಅಂಥಲ್ಲಿ ಮಳೆ ಬಂದರೂ ಬಾರದಿದ್ದರೂ ಕೈಗೆ ಬರುವ ಪಗಾರವೆಂದರೆ ಅದು ಮನೆಗೆ ದೊರೆತ ಎರಡನೆಯ ಹೊಲವಿದ್ದಂತೆ. ಅದರ ಮೇಲೆ ಮಾಸ್ತರರೆಂಬ ಮನ್ನಣೆ. ಪಟೇಲನು ಕುಳ್ಳಿರಿಸಿ ಮಾತನಾಡಿಸುತ್ತಾನೆ, ಕುಲಕರ್ಣಿಯು ಕಾಗದ ಓದಿಸಲು ಕರೆಯುತ್ತಾನೆ, ತಾಯಂದಿರು ತಮ್ಮ ಮಕ್ಕಳ ತಲೆಯ ಮೇಲೆ ಅವರ ಕೈ ಇರಲೆಂದು ಬಯಸುತ್ತಾರೆ. ವೃದ್ಧಾಪ್ಯದತ್ತ ಸಾಗುತ್ತಿದ್ದ ಇಮಾಮ ಸಾಹೇಬ ದಂಪತಿಗಳು ಮಗನ ಏಳಿಗೆಯನ್ನು ಕಂಡು ಸಮಾಧಾನದ ಉಸಿರು ಬಿಟ್ಟಿರಬೇಕು.

ಶರೀಫರು ಕೆಲವು ವರ್ಷ ಪಾಠ ಹೇಳಿದರು. ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ವರ್ಗವಾದರು. ಮಕ್ಕಳಿಗೆ ಅಕ್ಷರ ಕಲಿಸಿದರು, ಲೆಕ್ಕ ಕಲಿಸಿದರು. ಆದರೆ ದಿನ ಕಳೆದಂತೆ ಅವರೊಳಗೆ ಒಂದು ತಳಮಳವು ಬೆಳೆಯತೊಡಗಿತು. ಸಂಜೆಯ ಹೊತ್ತು ಭಜನೆಯ ಮನೆಗಳಲ್ಲಿ, ಫಕೀರರ ತಕ್ಯೆಗಳಲ್ಲಿ, ಸಾಧುಗಳ ಧುನಿಯ ಬಳಿಯಲ್ಲಿ ಅವರು ಕೇಳುತ್ತಿದ್ದ ಮಾತುಗಳಿಗೂ ಹಗಲು ಹಲಗೆಯ ಮೇಲೆ ಬರೆಯುತ್ತಿದ್ದ ಮಾತುಗಳಿಗೂ ಬಹಳ ಅಂತರವಿತ್ತು. ತಾನಿನ್ನೂ ಅರಿಯದುದು ಬೆಟ್ಟದಷ್ಟಿರುವಾಗ ಅರಿತಿರುವ ಹಿಡಿಯಷ್ಟನ್ನೇ ವರ್ಷವರ್ಷವೂ ಒಪ್ಪಿಸುತ್ತ ಕುಳಿತಿರುವುದು ಹೇಗೆ? ಇಂತಹ ಪ್ರಶ್ನೆಯು ಎಷ್ಟೋ ಶಿಕ್ಷಕರ ಮನಸ್ಸಿನಲ್ಲಿ ಒಮ್ಮೆಯಾದರೂ ಸುಳಿದು ಮಾಯವಾಗುವುದುಂಟು. ಶರೀಫರಲ್ಲಿ ಅದು ಮಾಯವಾಗಲಿಲ್ಲ. ಒಂದು ದಿನ ಅವರು ಶಾಲೆಯ ಕೆಲಸವನ್ನು ಬಿಟ್ಟುಕೊಟ್ಟರು.

ಬಿಡುವಾಗ ಅವರ ಮುಂದೆ ಬೇರೊಂದು ಉದ್ಯೋಗವಿರಲಿಲ್ಲ. ಸೇರಬೇಕಾದ ಕ್ಷೇತ್ರದ ಹೆಸರಿರಲಿಲ್ಲ. ಇಂತಿಷ್ಟು ದಿನಕ್ಕೆ ಮರಳುವೆನೆಂಬ ಅವಧಿಯೂ ಇರಲಿಲ್ಲ. ಇದ್ದುದು ಒಂದೇ, ಗುರುವು ಬೇಕೆಂಬ ಹಂಬಲ. ಆ ಗುರುವು ದೊರೆತುದು ದೂರದ ಕಾಶಿಯಲ್ಲಲ್ಲ; ಕುಂದಗೋಳದ ಸೀಮೆಯ ಕಳಸವೆಂಬ ಹಳ್ಳಿಯಲ್ಲಿ.

ಕಳಸದ ಗೋವಿಂದಭಟ್ಟರು ಸ್ಮಾರ್ತ ಬ್ರಾಹ್ಮಣರು. ಶಾಸ್ತ್ರಗಳನ್ನು ಬಲ್ಲವರು, ದೇವಿಯ ಉಪಾಸಕರು. ಆದರೆ ಅವರ ನಡೆ ಊರಿನ ಅಗ್ರಹಾರಕ್ಕೆ ಅರ್ಥವಾಗುವಂಥದಾಗಿರಲಿಲ್ಲ. ಯಾರ ಮನೆಗೆ ಬೇಕಾದರೂ ಹೋಗುವರು. ಯಾರು ಕೊಟ್ಟರೂ ಉಣ್ಣುವರು. ಕುಲವನ್ನು ಕೇಳುವವರನ್ನು ಕಂಡರೆ ನಕ್ಕುಬಿಡುವರು. ಹುಚ್ಚುಭಟ್ಟರೆಂದು ಕೆಲವರು ಆಡಿಕೊಂಡರು, ಅವಧೂತರೆಂದು ಕೆಲವರು ಕೈಮುಗಿದರು. ಅವರಿಗೆ ಎರಡೂ ಒಂದೇ ಆಗಿತ್ತು.

ಗುರುಶಿಷ್ಯರ ಮೊದಲ ಭೇಟಿಯ ಸಂಗತಿಯನ್ನು ಆ ಭಾಗದಲ್ಲಿ ಇಂದಿಗೂ ರಸವತ್ತಾಗಿ ಹೇಳುತ್ತಾರೆ. ಭಟ್ಟರು ಶರೀಫನನ್ನು ನೋಡಿ, ನಿನ್ನ ಅಪ್ಪ ಯಾರು ಎಂದು ಕೇಳಿದರಂತೆ. ಹೆಸರು ಕೇಳಿದರೆ ಹೆಸರು ಹೇಳುವುದು ಲೋಕದ ರೀತಿ. ಶರೀಫನಾದರೋ, ತಮ್ಮ ಅಪ್ಪ ಯಾರೋ ತನ್ನ ಅಪ್ಪನೂ ಅವನೇ ಎಂಬ ಅರ್ಥದಲ್ಲಿ ಉತ್ತರ ಕೊಟ್ಟನಂತೆ. ಸುತ್ತ ಇದ್ದವರು ಸಿಟ್ಟಾದರು. ಬ್ರಾಹ್ಮಣನ ಮುಂದೆ ಸಾಬರ ಹುಡುಗನು ಆಡಬಹುದಾದ ಮಾತೇ ಅದು? ಗೋವಿಂದಭಟ್ಟರ ಮುಖ ಮಾತ್ರ ಅರಳಿತು. ಎಲ್ಲರಿಗೂ ತಂದೆ ಒಬ್ಬನೇ ಎಂಬ ಪಾಠವನ್ನು ತಾವು ಕಲಿಸಬೇಕೆಂದಿದ್ದರೆ ಇವನು ಅದನ್ನು ಕಲಿತೇ ಬಂದಿದ್ದಾನೆಂದು ಅವರು ಅರಿತು ಶರೀಫನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು.

ಅಂದಿನಿಂದ ಇಬ್ಬರೂ ಜೊತೆಯಾಗಿ ತಿರುಗತೊಡಗಿದರು. ಒಂದೇ ಕಡೆ ಕುಳಿತು ಉಂಡರು, ಒಂದೇ ಕಟ್ಟೆಯ ಮೇಲೆ ಮಲಗಿದರು. ಇದರ ಬೆಲೆಯನ್ನು ಇಬ್ಬರೂ ತೆತ್ತರು. ಭಟ್ಟರನ್ನು ಅವರ ಬಳಗದವರು ದೂರವಿಟ್ಟರು. ಶರೀಫರು ಧರ್ಮ ಬಿಟ್ಟರೆಂದು ಅವರ ಕಡೆಯವರು ನೊಂದುಕೊಂಡರು, ಜರೆದರು. ಭಟ್ಟರು ಒಮ್ಮೆ ತಮ್ಮ ಕೊರಳಿನ ಜನಿವಾರವನ್ನೇ ತೆಗೆದು ಶಿಷ್ಯನ ಕೊರಳಿಗೆ ಹಾಕಿದರೆಂದು ಹೇಳುತ್ತಾರೆ. ಆ ಘಟನೆಯನ್ನು ಕುರಿತು ಶರೀಫರು ಕಟ್ಟಿದ ಪದವೂ ಜನರ ಬಾಯಲ್ಲಿದೆ. ಶಿಷ್ಯನನ್ನು ಒಂದು ಜಾತಿಯಿಂದ ಇನ್ನೊಂದು ಜಾತಿಗೆ ತರಬೇಕೆಂಬ ಉದ್ದೇಶ ಗುರುವಿಗೆ ಇರಲಿಲ್ಲ. ಶರೀಫರು ಮುಂದೆಯೂ ಶರೀಫರಾಗಿಯೇ ಉಳಿದರು. ದಾರವು ಯಾರ ಸೊತ್ತೂ ಅಲ್ಲವೆಂಬುದನ್ನು ತೋರಿಸಿಕೊಡುವುದಷ್ಟೇ ಆ ಗುರುವಿಗೆ ಬೇಕಾಗಿತ್ತು.

ಮಗನ ಈ ಅಲೆದಾಟವನ್ನು ಕಂಡು ತಂದೆತಾಯಿಗಳು ಕಳವಳಗೊಂಡುದರಲ್ಲಿ ಆಶ್ಚರ್ಯವಿಲ್ಲ. ಸಂಬಳ ನಿಂತುಹೋಗಿತ್ತು, ಮನೆಯಲ್ಲಿ ವಯಸ್ಸಾಗುತ್ತಿತ್ತು. ಸಂಸಾರದ ಕಟ್ಟಿಗೆ ಒಳಪಡಿಸಿದರೆ ಕಾಲು ನಿಂತೀತೆಂದು ಬಗೆದು ಕುಂದಗೋಳದ ಫಾತಿಮಾ ಎಂಬ ಕನ್ಯೆಯೊಡನೆ ವಿವಾಹ ಮಾಡಿದರು. ಶರೀಫರು ಒಪ್ಪಿಕೊಂಡರು, ಕೆಲಕಾಲ ಗೃಹಸ್ಥರಾಗಿ ಬಾಳಿದರು, ಒಬ್ಬ ಹೆಣ್ಣುಮಗುವಿನ ತಂದೆಯೂ ಆದರು. ಆ ಸುಖವು ದೀರ್ಘವಾಗಲಿಲ್ಲ. ಮಗುವೂ ಹೋಯಿತು, ಕೈಹಿಡಿದವಳೂ ಹೋದಳು. ಕಾಲಕ್ರಮದಲ್ಲಿ ತಂದೆತಾಯಿಗಳೂ ಕಣ್ಮರೆಯಾದರು.

ಸಂತರ ಚರಿತ್ರೆಗಳನ್ನು ಬರೆಯುವವರು ಇಂತಹ ಕಡೆಗಳಲ್ಲಿ ಬೇಗ ಬೇಗ ಮುಂದೆ ಸಾಗುವುದು ವಾಡಿಕೆ. ಬಂಧನಗಳು ತಾವಾಗಿಯೇ ಕಳಚಿದವೆಂದು ಒಂದು ವಾಕ್ಯ ಬರೆದು ಮುಗಿಸಿಬಿಡುತ್ತಾರೆ. ಆದರೆ ಹೆಂಡತಿಯೂ ಮಗಳೂ ಬಂಧನಗಳೆಂಬ ಹೆಸರಿನ ವಸ್ತುಗಳಲ್ಲ. ನಿಶ್ಚಿತವಾದ ಜೀವನವನ್ನು ಒಬ್ಬನು ತೊರೆದಾಗ ಅದರ ಬೆಲೆಯನ್ನು ಅವನೊಬ್ಬನೇ ತೆರುವುದಿಲ್ಲ. ಮನೆಯ ಬಾಗಿಲಲ್ಲಿ ಕಾದು ಕುಳಿತವರೂ ತೆರುತ್ತಾರೆ. ಶರೀಫರು ಇದನ್ನು ಅರಿಯದವರಾಗಿರಲಿಲ್ಲ. ಅವರ ಪದಗಳಲ್ಲಿ ಗಂಡನ ಮನೆಗೆ ಹೊರಟ ಹೆಣ್ಣುಮಗಳು, ಒಲೆಯ ಮುಂದಿನ ಗೃಹಿಣಿ, ಎಡವಿ ಬೀಳುವ ಮುದುಕಿ, ನೀರಿಗೆ ಹೋಗುವ ನಾರಿ ಎಲ್ಲರೂ ಮತ್ತೆಮತ್ತೆ ಬರುತ್ತಾರೆ. ಮನೆಯನ್ನು ಅಷ್ಟು ಹತ್ತಿರದಿಂದ ಬಲ್ಲವನೇ ಹಾಗೆ ಬರೆಯಬಲ್ಲನು. ಕಳೆದುಕೊಂಡ ಮನೆಯ ಮಾತು ಅವರ ಪದಗಳನ್ನು ಕೊನೆಯವರೆಗೂ ಬಿಡಲಿಲ್ಲ.

ಇದರ ಮೇಲೆ ಶರೀಫರ ಸಂಚಾರಕ್ಕೆ ತಡೆಯೇ ಇಲ್ಲವಾಯಿತು. ಗುರುವಿನೊಡನೆಯೂ ಗುರುವಿನ ಕಾಲಾನಂತರ ಒಂಟಿಯಾಗಿಯೂ ಅವರು ಊರೂರು ತಿರುಗಿದರು. ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ಹತ್ತಿ ದೇವಿಯ ಮೇಲೆ ಪದ ಕಟ್ಟಿದರು. ಹುಲಗೂರಿನ ದರ್ಗೆಯಲ್ಲಿ ಕುಳಿತು ಖಾದರ ಶಾ ವಲಿಗಳನ್ನು ನೆನೆದು ಹಾಡಿದರು. ಹುಬ್ಬಳ್ಳಿಯ ಸಿದ್ಧಾರೂಢರು, ನವಲಗುಂದದ ನಾಗಲಿಂಗಯೋಗಿಗಳು, ಗರಗದ ಮಡಿವಾಳೇಶ್ವರರು ಅವರ ಸಮಕಾಲೀನರು. ಇವರ ಪರಸ್ಪರ ಭೇಟಿಗಳನ್ನು ಕುರಿತು ಹಲವು ಕಥೆಗಳು ಆ ಸೀಮೆಯಲ್ಲಿ ಹಬ್ಬಿವೆ. ಒಂದೇ ಕಾಲದಲ್ಲಿ, ಒಂದೇ ಜಿಲ್ಲೆಯ ಸುತ್ತಳತೆಯಲ್ಲಿ ಇಷ್ಟು ಮಂದಿ ಅನುಭಾವಿಗಳು ಬಾಳಿದರೆಂಬುದು ನೆನೆಯತಕ್ಕ ವಿಷಯ. ಅವರಲ್ಲಿ ಸಿದ್ಧಾರೂಢರು (1836-1929) ಬಹುಕಾಲ ದೇಶಸಂಚಾರ ಮಾಡಿ ಕಡೆಗೆ ಹುಬ್ಬಳ್ಳಿಯಲ್ಲಿ ನೆಲೆನಿಂತರು; ಅವರ ಸುತ್ತ ಮಠವೊಂದು ಬೆಳೆಯಿತು. ಶರೀಫರು ಮಠವನ್ನು ಕಟ್ಟಲಿಲ್ಲ, ಪೀಠವನ್ನು ಏರಲಿಲ್ಲ, ಶಿಷ್ಯಪರಂಪರೆಯೊಂದನ್ನು ಸ್ಥಾಪಿಸಲೂ ಇಲ್ಲ.

ಹೀಗೆ ತಿರುಗುವವನಿಗೆ ಅನ್ನವಿಟ್ಟವರು ಯಾರು? ಇದು ಕೇಳಲೇಬೇಕಾದ ಪ್ರಶ್ನೆ. ಹೊತ್ತು ಮುಳುಗುವಾಗ ಊರು ಸೇರಿದವನಿಗೆ ಮಠದ ದಾಸೋಹದಲ್ಲಿ ರೊಟ್ಟಿಯುಂಟು, ದರ್ಗೆಯಲ್ಲಿ ಲಂಗರದ ಊಟವುಂಟು, ಅಗಸಿಯ ಕಟ್ಟೆಯ ಮೇಲೆ ಮಲಗುವ ಜಾಗವುಂಟು, ಹಾಡು ಬಲ್ಲವನಾದರೆ ಯಾವ ಗೌಡನ ಪಡಸಾಲೆಯಲ್ಲಿಯಾದರೂ ಮುತ್ತುಗದೆಲೆಯುಂಟು. ಜಂಗಮವೆಂಬ ಮಾತಿಗೆ ಚಲಿಸುವುದೆಂದೇ ಅರ್ಥ. ಚಲಿಸುವವನನ್ನು ದೇವರ ರೂಪವೆಂದು ಬಗೆದು ಉಣ್ಣಿಸುವ ಪದ್ಧತಿಯನ್ನು ಶರಣರು ಈ ನಾಡಿನಲ್ಲಿ ನೆಲೆಗೊಳಿಸಿ ಏಳುನೂರು ವರ್ಷಗಳು ಆಗಿದ್ದವು. ನೆಲೆನಿಂತವರು ದಾಸೋಹ ನಡೆಸಿದುದರಿಂದಲೇ ನಡೆಯುವವರು ನಡೆಯಲು ಸಾಧ್ಯವಾಯಿತು. ಶರೀಫರ ಸ್ವಾತಂತ್ರ್ಯದ ಹಿಂದೆ ಹೆಸರಿಲ್ಲದ ಸಾವಿರ ಗೃಹಸ್ಥರ ಕಣಜಗಳಿವೆ.

ಅವರು ಆ ಅನ್ನದ ಋಣವನ್ನು ಪದಗಳಿಂದ ತೀರಿಸಿದರು. ಶರೀಫರು ಮೇಜಿನ ಮುಂದೆ ಕುಳಿತು ಕಾವ್ಯ ರಚಿಸಿದವರಲ್ಲ. ಕಂಡುದರ ಮೇಲೆ, ಕಂಡ ಸ್ಥಳದಲ್ಲಿಯೇ ಪದ ಕಟ್ಟುವುದು ಅವರ ರೀತಿ. ಮಳೆಗಾಲದಲ್ಲಿ ಮಣ್ಣಿನ ಮಾಳಿಗೆ ಸೋರುವುದನ್ನು ಕಂಡರು. ಅಜ್ಞಾನದಿಂದ ಸೋರಿ ಕುಸಿಯುತ್ತಿರುವ ಮನುಷ್ಯನ ಒಳಮನೆಯು ಅಲ್ಲಿ ಅವರಿಗೆ ಕಾಣಿಸಿತು. ಅಯೋಗ್ಯನ ಕೈಯಲ್ಲಿ ತಂಬೂರಿಯನ್ನು ಕಂಡರು. ಬಾರಿಸಲರಿಯದವನ ಕೈಗೆ ಸಿಕ್ಕ ಈ ದೇಹವೂ ಹಾಗೆಯೇ ಎಂದರು. ಕೋಳಿಯು ಕೋಡಗವನ್ನು ನುಂಗಿತೆಂದು ಬೆಡಗಿನ ಮಾತಾಡಿ ಹಳ್ಳಿಯ ಮಕ್ಕಳನ್ನು ನಗಿಸಿದರು. ಅದೇ ಪದದಲ್ಲಿ ಗುರುವು ಶಿಷ್ಯನ ಅಹಂಕಾರವನ್ನು ನುಂಗುವ ಬಗೆಯನ್ನು ಬಲ್ಲವರಿಗೆ ತೋರಿಸಿದರು. ಇದು ಅಲ್ಲಮನ ಬೆಡಗಿನ ವಚನಗಳ ದಾರಿಯೇ. ಪಂಡಿತರ ಪಡಸಾಲೆಯಿಂದ ಅದು ಒಕ್ಕಲಿಗನ ಕಣಕ್ಕೆ ಇಳಿದು ಬಂದಿತು.

ಕಾಲ ಬದಲಾದಾಗ ಅವರ ಕಣ್ಣು ಹಳತಿಗೇ ಅಂಟಿಕೊಂಡು ಕುಳಿತಿರಲಿಲ್ಲ. ಹುಬ್ಬಳ್ಳಿಯಲ್ಲಿ ಹತ್ತಿಯ ಗಿರಣಿ ತಲೆಯೆತ್ತಿದಾಗ ಜನ ಬೆರಗಾಗಿ ನೋಡಲು ಹೋದರು. ಶರೀಫರೂ ನೋಡಿದರು. ಚಕ್ರ, ಪಟ್ಟೆ, ಹೊಗೆ, ನೂಲು ಎಲ್ಲವೂ ಅವರ ಪದದೊಳಗೆ ಬಂದು ಸೃಷ್ಟಿಯೆಂಬ ದೊಡ್ಡ ಯಂತ್ರದ ವರ್ಣನೆಯಾದವು. ಮೊಹರಂ ಹಬ್ಬದ ಹೆಜ್ಜೆಮೇಳಗಳಿಗಾಗಿ ಅವರು ಕನ್ನಡದಲ್ಲಿ ರಿವಾಯತ್ ಪದಗಳನ್ನು ರಚಿಸಿಕೊಟ್ಟರು. ಕರ್ಬಲೆಯ ದುಃಖದ ಕಥೆಯು ಹೀಗೆ ಧಾರವಾಡದ ಆಡುಮಾತಿನಲ್ಲಿ ಹಾಡಾಯಿತು. ಅಲಾವಿಯ ಸುತ್ತ ಹಿಂದೂಗಳೂ ಮುಸಲ್ಮಾನರೂ ಕೂಡಿ ಅದನ್ನು ಹಾಡಿ ಹೆಜ್ಜೆ ಹಾಕಿದರು. ತಮ್ಮ ಪದಗಳಿಗೆ ಅವರು ಇಟ್ಟುಕೊಂಡ ಅಂಕಿತವಾದರೋ ಶಿಶುನಾಳದ ಒಡೆಯನದು. ಆ ಒಡೆಯನೆಂದರೆ ಊರಿನ ಬಸವಣ್ಣ. ಊರನ್ನು ಬಿಟ್ಟು ಹೊರಟವರ ಪದಗಳೆಲ್ಲ ಕೊನೆಯ ಸಾಲಿನಲ್ಲಿ ಊರಿನ ದೇವರನ್ನು ನೆನೆದೇ ಮುಗಿಯುತ್ತವೆ.

1858ರಲ್ಲಿ ನರಗುಂದದ ಬಾಬಾಸಾಹೇಬರು ಇಂಗ್ಲಿಷರ ವಿರುದ್ಧ ಬಂಡೆದ್ದಾಗ ಶರೀಫರಿಗೆ ನಲವತ್ತರ ಹತ್ತಿರದ ಪ್ರಾಯ. 1876ರಿಂದ 1878ರವರೆಗೆ ಧಾರವಾಡ, ವಿಜಾಪುರ ಜಿಲ್ಲೆಗಳನ್ನು ಮಹಾಕ್ಷಾಮವು ಸುಟ್ಟಾಗ ಅವರು ಅರುವತ್ತನ್ನು ಸಮೀಪಿಸುತ್ತಿದ್ದರು. ಉಣ್ಣಿಸುವ ಕೈಗಳೇ ಖಾಲಿಯಾದ ಕಾಲವದು. ಶರೀಫರ ಬದುಕು ಎಂದೂ ಸಿರಿಯನ್ನು ಕಂಡುದಲ್ಲ. ಬಡತನವು ಅವರೊಡನೆ ಕೊನೆಯವರೆಗೆ ನಡೆದು ಬಂದಿತು. ಸಾಲಿಗನು ಬಾಗಿಲಿಗೆ ಬಂದ ಕಥೆಗಳೂ, ಅಂತಹ ಸಮಯಗಳಲ್ಲಿ ಅವರು ನಗುತ್ತಲೇ ಪದ ಹೇಳಿದ ಕಥೆಗಳೂ ಜನರಲ್ಲಿ ಉಳಿದಿವೆ. ಬಿಟ್ಟುಬಂದ ಪಗಾರಕ್ಕಾಗಿ ಅವರು ಹಂಬಲಿಸಿದ ಕಥೆಯೊಂದು ಮಾತ್ರ ಯಾರ ಬಾಯಲ್ಲಿಯೂ ಇಲ್ಲ.

1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದಿತು. ಕಾಲ್ನಡೆಯ ಲೋಕವು ಮುಗಿಯುತ್ತ ಬಂದ ಆ ಹೊತ್ತಿಗೆ ಶರೀಫರ ನಡಿಗೆಯೂ ಮುಗಿಯುತ್ತ ಬಂದಿತ್ತು. ಅವರು ಶಿಶುನಾಳದಲ್ಲಿಯೇ ತಮ್ಮ ಕೊನೆಯ ದಿನಗಳನ್ನು ಕಳೆದರು. ಅಂತ್ಯವು ಸಮೀಪಿಸಿತೆಂದು ತಿಳಿದಾಗ ಲಿಂಗವಂತರ ಪದ್ಧತಿಯಂತೆ ತಮಗೆ ವಿಭೂತಿ ವೀಳ್ಯವನ್ನು ನಡೆಸಿ, ತಲೆಯ ಮೇಲೆ ಪಾದವನ್ನಿಡಬೇಕೆಂದು ಹಿರೇಮಠದ ಕರಿಬಸವಯ್ಯನವರನ್ನು ಕೇಳಿಕೊಂಡರು. ಆ ಅಯ್ಯನವರು ಹಿಂಜರಿದರು. ಎದುರಿಗೆ ಮಲಗಿದ್ದವರು ಮುಸಲ್ಮಾನರು. ಅದಕ್ಕಿಂತ ಮಿಗಿಲಾಗಿ, ಊರೇ ಪೂಜಿಸುವ ಮಹಾತ್ಮರು. ಅಂತಹವರ ಶಿರಸ್ಸಿನ ಮೇಲೆ ಕಾಲಿಡುವುದು ಹೇಗೆ? ಶರೀಫರು ಅವರ ಅಂಜಿಕೆಯನ್ನು ಬಿಡಿಸಿದರು. ಪದ್ಧತಿಯು ನಡೆಯಿತು. ಬಾಳೆಲ್ಲ ಜಂಗಮನಾಗಿ ನಡೆದವರು ಜಂಗಮನ ಪಾದದ ಕೆಳಗೆ ಕಣ್ಣುಮುಚ್ಚಿದರು. ಅದು 1889ನೆಯ ಇಸವಿ. ಅವರಿಗೆ ಎಪ್ಪತ್ತು ವರ್ಷ ತುಂಬುವ ಕಾಲ.

ದೇಹವನ್ನು ಯಾರ ವಿಧಿಯಂತೆ ಮಣ್ಣುಮಾಡಬೇಕೆಂಬ ಪ್ರಶ್ನೆ ಎದ್ದಿತು. ಕಬೀರರ ಕಾಲದಿಂದಲೂ ಈ ದೇಶವು ಬಲ್ಲ ಪ್ರಶ್ನೆಯಿದು. ಶಿಶುನಾಳದ ಜನ ಅದಕ್ಕೆ ಜಗಳವಿಲ್ಲದ ಉತ್ತರವನ್ನು ಕಂಡುಕೊಂಡರು. ಒಂದು ಕಡೆ ಕುರಾನಿನ ಪಠನವೂ ಇನ್ನೊಂದು ಕಡೆ ಮಂತ್ರಘೋಷವೂ ನಡೆದು ಅವರು ಸಮಾಧಿಸ್ಥರಾದರು. ಇಂದಿಗೂ ಆ ಗದ್ದುಗೆಗೆ ಎರಡೂ ಕಡೆಯ ಭಕ್ತರು ನಡೆದುಕೊಳ್ಳುತ್ತಾರೆ. ತೆಂಗಿನಕಾಯಿಯೂ ಒಡೆಯುತ್ತದೆ, ಸಕ್ಕರೆಯ ಓದಿಕೆಯೂ ಆಗುತ್ತದೆ.

ಶರೀಫರು ತಮ್ಮ ಪದಗಳನ್ನು ಗ್ರಂಥವಾಗಿ ಕಟ್ಟಿಡಲಿಲ್ಲ. ಅವು ಉಳಿದುದು ಕೇಳಿದವರ ನಾಲಗೆಯ ಮೇಲೆ. ಏಕತಾರಿ, ದಮ್ಮಡಿ, ತಾಳಗಳನ್ನು ಹಿಡಿದ ಹಳ್ಳಿಯ ಭಜನಾಮಂಡಳಿಗಳು ಅಮಾವಾಸ್ಯೆ, ಸೋಮವಾರಗಳ ರಾತ್ರಿ ಅವುಗಳನ್ನು ಹಾಡುತ್ತ ಮೂರು ನಾಲ್ಕು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದವು. ವಿದ್ವಾಂಸರು ಅನಂತರ ಅವನ್ನು ಸಂಗ್ರಹಿಸಿ ಅಚ್ಚುಮಾಡಿದರು. 20ನೆಯ ಶತಮಾನದ ಉತ್ತರಾರ್ಧದಲ್ಲಿ ಗಾಯಕ ಸಿ. ಅಶ್ವತ್ಥರ ಕಂಠವು ಅವುಗಳನ್ನು ಬೆಂಗಳೂರಿನ ಮನೆಮನೆಗೆ ತಂದಿತು. 1990ರಲ್ಲಿ ಟಿ.ಎಸ್. ನಾಗಾಭರಣರು ನಿರ್ದೇಶಿಸಿದ ಚಲನಚಿತ್ರವು ಶರೀಫರ ಬಾಳನ್ನು ಇಡೀ ನಾಡಿಗೆ ಪರಿಚಯಿಸಿ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯನ್ನು ಪಡೆಯಿತು. ಶಿಗ್ಗಾಂವಿಯ ದಾರಿಯನ್ನೇ ಕಾಣದ ಮಕ್ಕಳು ಯಲಹಂಕದ ಶಾಲಾ ವಾರ್ಷಿಕೋತ್ಸವದಲ್ಲಿ ನಿಂತು ಅವರ ಪದ ಹಾಡಿದರೆ ಯಾರಿಗೂ ಹೊಸತೆನಿಸುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಕಾಯಕವನ್ನು ಬಿಟ್ಟವನನ್ನು ಶರಣಧರ್ಮವು ಎಂದೂ ಕ್ಷಮಿಸಿದುದಿಲ್ಲ. ಗುರುದರ್ಶನವೇ ಬಂದೊದಗಿದರೂ ಕಾಯಕ ತಪ್ಪಬಾರದೆಂಬ ನಿಷ್ಠುರ ನೀತಿ ಅದು. ಹಾಗಾದರೆ ಶಾಲೆಯ ಕೆಲಸವನ್ನು ಬಿಟ್ಟು ಅಲೆದ ಶರೀಫರು ಆ ನೀತಿಗೆ ಹೊರಗಾದರೆ? ಅವರ ಬಾಳನ್ನು ಆದ್ಯಂತವಾಗಿ ನೋಡಿದವರು ಹಾಗೆನ್ನಲಾರರು. ಶರೀಫರು ಬಿಟ್ಟುದು ಸಂಬಳವನ್ನು. ಕಲಿಸುವ ಕೆಲಸವನ್ನು ಅವರು ಒಂದು ದಿನವೂ ಬಿಡಲಿಲ್ಲ. ನಾಲ್ಕು ಗೋಡೆಗಳ ನಡುವೆ ಇಪ್ಪತ್ತು ಮಕ್ಕಳಿಗೆ ಅಕ್ಷರ ಹೇಳುತ್ತಿದ್ದವರು ಬಯಲಿನಲ್ಲಿ ನಿಂತು ನಾಡಿಗೆ ಅರಿವನ್ನು ಹೇಳಿದರು. ಸೋಮಾರಿತನಕ್ಕಾಗಿ ಉದ್ಯೋಗವನ್ನು ತೊರೆಯುವವರಿಗೂ, ಮನೆಯ ಹೊಣೆಯಿಂದ ನುಣುಚಿಕೊಳ್ಳಲು ವೈರಾಗ್ಯದ ಹೆಸರು ಹೇಳುವವರಿಗೂ ಶರೀಫರ ಚರಿತ್ರೆಯಲ್ಲಿ ಆಸರೆ ದೊರೆಯುವುದಿಲ್ಲ. ಅವರು ಹೊರಟ ದಾರಿಯು ಬಿಟ್ಟ ದಾರಿಗಿಂತ ಕಷ್ಟವಾದುದಾಗಿತ್ತು, ಮತ್ತು ಅದರಲ್ಲಿ ಎಪ್ಪತ್ತರ ವರೆಗೆ ರಜೆಯಿರಲಿಲ್ಲ.

ಎಲ್ಲ ಶಿಕ್ಷಕರೂ ಶರೀಫರಾಗಬೇಕೆಂದು ಯಾರೂ ಹೇಳಲಾರರು. ಶಾಲೆ ನಡೆಯಬೇಕಾದರೆ ಗಂಟೆ ಹೊಡೆಯಬೇಕು, ಹಾಜರಿ ಬರೆಯಬೇಕು, ಮಳೆಗಾಲಕ್ಕೆ ಮುನ್ನ ಮಾಳಿಗೆ ಕಟ್ಟಿಸಬೇಕು, ಅದಕ್ಕೆ ದಾನಿಗಳು ಕೈ ನೀಡಬೇಕು. ನಿಂತು ನಡೆಸುವವರಿಲ್ಲದಿದ್ದರೆ ನಡೆದು ಬಂದವನಿಗೆ ನೆಳಲಿಲ್ಲ. ಅಂದಿನ ಕೂಲಿಮಠವೊಂದು ಅಕ್ಷರ ಕಲಿಸದಿದ್ದರೆ ಶರೀಫರಿಗೆ ಪ್ರಭುಲಿಂಗಲೀಲೆಯ ಓದೇ ದಕ್ಕುತ್ತಿರಲಿಲ್ಲ. ಆ ಕೂಲಿಮಠಕ್ಕೆ ಕಾಳು ಅಳೆದುಕೊಟ್ಟ ಗೃಹಸ್ಥನಿಗೆ ತನ್ನ ಸೇರು ಜೋಳವು ಎಂತಹ ಫಲ ಕೊಟ್ಟಿತೆಂಬುದು ಕೊನೆಯವರೆಗೂ ತಿಳಿದಿರಲಾರದು.

ತರಗತಿಯ ಕಿಟಕಿಯ ಬಳಿ ಕುಳಿತು ಹೊರಗಿನ ದಾರಿಯನ್ನೇ ನೋಡುತ್ತಿರುವ ಹುಡುಗನೊಬ್ಬನು ಪ್ರತಿ ಶಾಲೆಯಲ್ಲಿಯೂ ಇರುತ್ತಾನೆ. ಅವನು ಕೇಳುವ ಪ್ರಶ್ನೆ ಪಾಠದ ಪುಸ್ತಕದಲ್ಲಿ ಇರುವುದಿಲ್ಲ. ಗೋವಿಂದಭಟ್ಟರು ಅಂತಹ ಒಬ್ಬನ ಉತ್ತರವನ್ನು ಅಧಿಕಪ್ರಸಂಗವೆಂದು ತಳ್ಳಿಹಾಕಿದ್ದರೆ ಕನ್ನಡವು ಇಂದು ಎಷ್ಟು ಬಡವಾಗಿರುತ್ತಿತ್ತು! ಸುತ್ತಲಿನವರು ಸಿಟ್ಟಾಗಿದ್ದಾಗ ಆ ಗುರುವಿನ ಮುಖವು ಅರಳಿತು. ಗುರುವಾದವನು ಶರೀಫರ ಚರಿತ್ರೆಯಿಂದ ಕಲಿಯಬೇಕಾದುದು ಅಷ್ಟು. ಅದನ್ನು ಕಲಿಯಲು ಶಾಲೆಯನ್ನು ಬಿಟ್ಟು ಹೊರಡಬೇಕಾಗಿಲ್ಲ.